ಚೊಚ್ಚಲ ಹೆರಿಗೆಯ ಊರು

ಸೀಮಂತ ಮುಗಿದ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಹೋಗಲಿಲ್ಲ.

ಸ್ಟಾಕ್‌ಹೋಮಿಗೆ ಅಂಟಿಕೊಂಡಿರುವ ಸೋಲ್ನಾದಲ್ಲಿ ನಾವಿರುವ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲೇ, ಬಾಡಿಗೆಗೆ ಸಿಗುವ ಒಂದು ಹಾಲ್ ಇದೆ. ನನ್ನ ಗಂಡ ಹರ್ಷನ ಆಫೀಸಿನವರು, ಕಿಸ್ಟಾ ಕಡೆಯ ನಾಲ್ಕಾರು ಕನ್ನಡದ ಮನೆಯವರು ಬಂದಿದ್ದರು. ಒಳಗೆ ದೀಪ ಹಚ್ಚಿದರೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆಂದು ಹರ್ಷ ಎಲ್ಲರನ್ನೂ ಹೊರಗೆ, ಸೈಕಲ್ ನಿಲ್ಲಿಸುವ ಜಾಗಕ್ಕೆ ಕರೆದುಕೊಂಡು ಹೋಗಿ ಆರತಿ ಮಾಡಿಸಿದ. ಹಸಿರು ಸೀರೆಯ ಮೇಲೆ ಕೋಟು ಹಾಕಿಕೊಂಡು ನಿಂತಿದ್ದ ನನ್ನನ್ನು ನೋಡಿ, ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಏನೆಂದು ತಿಳಿಯದೆಯೂ ಕೈಬೀಸಿದಳು. ಅಮ್ಮ ಮಡಿಲು ತುಂಬಿದಳು. ಬಳೆ ತೊಡಿಸಿದಳು. ತೊಡಿಸುವಾಗ ಅವಳ ಬೆರಳು ತಣ್ಣಗಿತ್ತು. ಹೊರಗೆ ನಿಂತಿದ್ದರಿಂದ ಎಂದುಕೊಂಡೆ.

ಅಪ್ಪ ಅಮ್ಮ ಇರುವುದು ಗೋಥೆನ್‌ಬರ್ಗ್‌ನಲ್ಲಿ. ಅಪ್ಪ ಅಲ್ಲಿನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರುಗಳ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಾಗ ನಾನು ಎರಡನೇ ಕ್ಲಾಸಿನ ಹುಡುಗಿ. ಈಗ ಅವರು ಸಂಜೆಯ ರೈಲಿಗೆ ವಾಪಸು ಹೊರಟಿದ್ದರು. ಅಮ್ಮ ಖಾಲಿ ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅನುರಾಧಾ ಆಂಟಿ ಬಂದರು. ನಮ್ಮ ಕಡೆಯ ಎಲ್ಲ ಸೀಮಂತಗಳಲ್ಲೂ ಹಾಡು ಹೇಳುವವರು ಅವರೇ, ಮಾತಿನಲ್ಲಿ ಸೂಜಿ ಇಟ್ಟುಕೊಂಡಿರುವವರೂ ಅವರೇ.

“ಏನ್ರೀ ಶಕುಂತಲಾ, ಮಗಳನ್ನ ಇಲ್ಲೇ ಬಿಟ್ಟು ಹೊರಟ್ರಾ? ಡಬ್ಬಿ ಎಲ್ಲಾ ನೆನಪಿಟ್ಟು ತಗೊಂಡ್ರಿ, ಇವಳನ್ನ ಮರೆತ್ರಲ್ಲ.”

ಸುತ್ತ ಇದ್ದವರು ನಕ್ಕರು. ಅಮ್ಮನೂ ನಕ್ಕಳು. ಇಲ್ಲೇ ಆಸ್ಪತ್ರೆ ಹತ್ತಿರ ಇದೆಯಲ್ಲ, ಎಲ್ಲಾ ಇಲ್ಲೇ ಬುಕ್ ಆಗಿದೆ, ಎಂದಳು. ಅನುರಾಧಾ ಆಂಟಿ ಬಿಡಲಿಲ್ಲ.

“ಆಸ್ಪತ್ರೆ ಗೋಥೆನ್‌ಬರ್ಗ್‌ನಲ್ಲೂ ಇದೆಯಂತೆ ಕಣ್ರೀ. ನಾನು ಕೇಳಿದೀನಿ.”

ಅಮ್ಮ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು. ಮುಚ್ಚಳ ಅವಳ ಕೈಯಲ್ಲೇ ಇತ್ತು.

ಚೊಚ್ಚಲ ಹೆರಿಗೆ ತವರಿನಲ್ಲಿ ಎನ್ನುವುದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ನಾನು ಓದಿದ್ದೆಲ್ಲ ಸ್ವೀಡಿಷ್ ಶಾಲೆಯಲ್ಲಿ. ಇತಿಹಾಸದಲ್ಲಿ ಪದವಿ ಪಡೆದದ್ದೂ ಆ ಭಾಷೆಯಲ್ಲೇ. ಹಬ್ಬದ ದಿನ ಯಾವ ದೇವರಿಗೆ ಯಾವ ಹೂವು ಎಂದು ಈಗಲೂ ಹರ್ಷನನ್ನೇ ಕೇಳುತ್ತೇನೆ. ಆದರೂ ಆ ಸಂಜೆ ರೈಲು ಹತ್ತಿದ ಅಮ್ಮ ಕಿಟಕಿಯಿಂದ ನನ್ನನ್ನು ನೋಡದೆ ಎದುರಿನ ಸೀಟನ್ನು ನೋಡುತ್ತ ಕುಳಿತಾಗ, ರೈಲು ಹೊರಟುಹೋದ ಮೇಲೂ ನಾನು ಪ್ಲಾಟ್‌ಫಾರಂನಲ್ಲೇ ನಿಂತಿದ್ದೆ. ಅವಳು ‘ಬಾ’ ಎನ್ನಬೇಕು ಎನ್ನುವುದು ನನಗೆ ಇಷ್ಟು ಬೇಕಾಗಿತ್ತೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಆಮೇಲಿನ ವಾರಗಳಲ್ಲಿ ಫೋನಿನಲ್ಲಿ ನಾನು ಆ ಮಾತನ್ನು ಬೇರೆ ಬೇರೆ ದಾರಿಯಿಂದ ತಂದೆ. ಇಲ್ಲಿ ಹರ್ಷನಿಗೆ ಡೆಡ್‌ಲೈನ್ ಇದೆ ಎಂದೆ. ಲಿಫ್ಟ್ ಕೆಟ್ಟಿದೆ ಎಂದೆ. ನಿನ್ನ ಕೈಯ ಸಾರು ತಿನ್ನಬೇಕು ಅನ್ನಿಸುತ್ತದೆ ಎಂದೆ. ಅಮ್ಮ ಪ್ರತಿಯೊಂದಕ್ಕೂ ಒಂದು ಪರಿಹಾರ ಹೇಳಿದಳು. ಸಾರಿನ ಪುಡಿ ಕಳುಹಿಸಿದಳು. ಲಿಫ್ಟಿನ ಕಂಪನಿಗೆ ಬರೆಯಲು ಹೇಳಿದಳು. ತಾನೇ ಬಂದು ಇರುತ್ತೇನೆ ಎಂದೂ ಹೇಳಲಿಲ್ಲ. ಹಾಗೆ ಹೇಳಬೇಕಾದ ಜಾಗ ಬಂದಾಗಲೆಲ್ಲ ಒಲೆಯ ಮೇಲೆ ಏನೋ ಇರುತ್ತಿತ್ತು, ಫೋನ್ ಇಡುತ್ತಿದ್ದಳು.

ಹರ್ಷನಿಗೆ ಇದೊಂದು ಸಮಸ್ಯೆಯೇ ಅಲ್ಲ. “ಬರ್ತೀನಿ ಅಂತ ಹೇಳಿ ಹೋಗ್ಬಿಡು. ಅಮ್ಮ ತಾನೇ.”

“ಕರೀದೇ ಹೇಗ್ ಹೋಗೋದು?”

“ಸ್ವೀಡಿಷ್ ಪಾಸ್‌ಪೋರ್ಟ್ ಇಟ್ಕೊಂಡು ನಮ್ಮಜ್ಜಿಗಿಂತ ಜಾಸ್ತಿ ಶಾಸ್ತ್ರ ಮಾಡ್ತೀಯಲ್ಲೇ.”

ನಾನು ನಕ್ಕೆ. ನಗು ಮುಗಿದ ಮೇಲೆ ಮತ್ತೆ ಅದೇ ಜಾಗಕ್ಕೆ ಬಂದು ಕುಳಿತೆ.

ನಾನು ಕೆಲಸ ಮಾಡುವುದು ಸೋಲ್ನಾದಲ್ಲೇ ಇರುವ ಒಂದು ಸಣ್ಣ ಕಚೇರಿಯಲ್ಲಿ. ತಮ್ಮ ಮನೆತನದ ಹಿಂದಿನವರು ಎಲ್ಲಿಂದ ಬಂದವರು ಎಂದು ತಿಳಿಯಬೇಕೆನ್ನುವವರಿಗೆ ಹಳೆಯ ಜನಗಣತಿಯ ಪುಟಗಳನ್ನು ಓದಿ ಹೇಳುವುದು ನಮ್ಮ ಕೆಲಸ. ಇಲ್ಲಿನ ಹಳೆಯ ಜನಗಣತಿ ಮನೆಮನೆಗೆ ಹೋಗಿ ಕೇಳಿ ಬರೆದದ್ದಲ್ಲ. ಆಯಾ ಪ್ಯಾರಿಷ್‌ನ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರಿನ, ಪಾದ್ರಿ ತನ್ನ ಚರ್ಚಿನ ಪುಸ್ತಕದಿಂದ ಇಳಿಸಿ ರಾಜಧಾನಿಗೆ ಕಳುಹಿಸಿದ್ದು. ಹೆಸರು, ಹುಟ್ಟಿದ ವರ್ಷ, ಹುಟ್ಟಿದ ಪ್ಯಾರಿಷ್. ಕೆಲವು ಪಾದ್ರಿಗಳ ಬರಹ ಮುತ್ತಿನಂತೆ. ಕೆಲವರದು ಅವಸರದ್ದು. ಕೆಲವು ಪುಟಗಳಿಗೆ ನೀರು ಇಳಿದು ಶಾಯಿ ಹರಡಿರುತ್ತದೆ. ಹೆಚ್ಚಾಗಿ ಕೆಡುವುದು ಊರಿನ ಅಂಕಣವೇ. ಅದು ಪುಟದ ಬಲತುದಿಗೆ ಇರುವುದರಿಂದ, ಪುಟ ತಿರುವಿದ ಬೆರಳುಗಳೆಲ್ಲ ಅದರ ಮೇಲೆ ಹಾದುಹೋಗಿರುತ್ತವೆ.

ಕಚೇರಿಯ ಯಜಮಾನಿ ಗುನಿಲ್ಲಾ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತೇವೆ, ಆದರೆ ನನ್ನ ಮನಸ್ಸಿನೊಳಗೆ ಅವರು ಬಹುವಚನವೇ. ಅವರ ನಿಯಮ ಒಂದೇ: ಕಂಡದ್ದನ್ನು ಬರೆ, ಗೊತ್ತಿರುವುದನ್ನು ಬರೆಯಬೇಡ. ಅಸ್ಪಷ್ಟವಾದ ಊರನ್ನು ಇಬ್ಬರು ಬೇರೆಬೇರೆಯಾಗಿ ಓದಬೇಕು, ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು. ಎರಡೂ ಓದು ಹೊಂದಿದರೆ ಮಾತ್ರ ಕೇಳಿದವರಿಗೆ ಹೇಳುವುದು. ಅವರು ನನಗೆ ಕಲಿಸಿದ ಇನ್ನೊಂದು ಮಾತಿದೆ. ಆ ಕಾಲದ ಬಡ ಹೆಂಗಸರು ತಮ್ಮ ಬಗ್ಗೆ ಒಂದು ಸಾಲೂ ಬರೆದಿಟ್ಟಿಲ್ಲ. ಆದರೆ ಅವರ ಮಕ್ಕಳು ಹುಟ್ಟಿದ ಊರುಗಳನ್ನು ಸಾಲಾಗಿ ಓದಿದರೆ ತಾಯಿ ನಡೆದ ದಾರಿ ಕಾಣುತ್ತದೆ. ತಂದೆಯ ದಾರಿಯಲ್ಲ, ತಾಯಿಯದು.

ಮಾತಿಲ್ಲದವರ ದಾರಿ ಎನ್ನುವುದು ನನಗೆ ಹಿಡಿಸಿತ್ತು. ಈ ಕೆಲಸಕ್ಕೆ ನಾನು ಅಂಟಿಕೊಂಡದ್ದು ಅದಕ್ಕೇ ಇರಬೇಕು.

ಬಿರ್ಗೆರ್ ಎಂಬ ನಿವೃತ್ತ ಬಸ್ ಚಾಲಕರು ತಮ್ಮ ಅಜ್ಜಿಯ ಬಗ್ಗೆ ಕೇಳಿಕೊಂಡು ಬಂದಿದ್ದರು. ಅಜ್ಜಿಯ ಹೆಸರು ಹುಲ್ದಾ. ಅವಳು ತನ್ನ ಬಾಲ್ಯದ ಬಗ್ಗೆ ಏನೂ ಹೇಳುತ್ತಿರಲಿಲ್ಲವಂತೆ. ಯಾರಾದರೂ ಕೇಳಿದರೆ ಎದ್ದು ಕಿಟಕಿಯ ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದಳಂತೆ, ಹಾಗಾಗಿ ಆ ಗಿಡಗಳೆಲ್ಲ ಕೊಳೆತು ಸಾಯುತ್ತಿದ್ದವಂತೆ. ಅವರಿಗೆ ಬೇಕಾಗಿದ್ದದ್ದು ಇಷ್ಟೇ, ಅವಳು ಹುಟ್ಟಿದ ಊರಿನಲ್ಲಿ ಒಮ್ಮೆ ಹೋಗಿ ನಿಲ್ಲಬೇಕು.

ಹುಲ್ದಾಳ ಮನೆಯವರ ಪುಟ ಸಿಕ್ಕಿತು. ತಂದೆ ಗೇಣಿಗೆ ಉಳುವವನು, ಹುಟ್ಟಿದ್ದು ಅದೇ ಪ್ಯಾರಿಷ್‌ನಲ್ಲಿ. ತಾಯಿಯ ಊರು ಬೇರೆ, ಉತ್ತರದ ಕಡೆಯ ಒಂದು ಪ್ಯಾರಿಷ್, ಸ್ಪಷ್ಟವಾಗಿಯೇ ಇತ್ತು. ಚಿಕ್ಕ ಮಕ್ಕಳೆಲ್ಲ ತಂದೆಯ ಪ್ಯಾರಿಷ್‌ನಲ್ಲೇ ಹುಟ್ಟಿದವರು. ಹಿರಿಯ ಮಗಳು ಹುಲ್ದಾಳ ಎದುರು ಮಾತ್ರ ಶಾಯಿ ಹರಡಿ ಒಂದು ಕಂದು ಕಲೆ. ಅದರ ಮೊದಲಲ್ಲಿ ಒಂದು ಎತ್ತರದ ಗೀಟು, ಕೊನೆಯಲ್ಲಿ ಒಂದು ಬಾಲ. ನಡುವೆ ಏನಿತ್ತೋ. ಯಾವ ಊರಾದರೂ ಆಗಬಹುದಿತ್ತು.

ನಾನು ಯೋಚಿಸಲಿಲ್ಲ. ಯೋಚಿಸಬೇಕಾದದ್ದು ಏನಾದರೂ ಇದೆ ಎಂದೂ ಹೊಳೆಯಲಿಲ್ಲ. ಚೊಚ್ಚಲ ಮಗು. ಹುಟ್ಟಿದ್ದು ತಾಯಿಯ ಊರಿನಲ್ಲಿ. ಉಳಿದವು ಗಂಡನ ಮನೆಯಲ್ಲಿ. ಇನ್ನೇನಿದೆ?

ಗುನಿಲ್ಲಾ ಆ ವಾರ ಜ್ವರದಿಂದ ಮನೆಯಲ್ಲಿದ್ದರು. ಬಿರ್ಗೆರ್ ಫೋನ್ ಮಾಡಿ, ಭಾನುವಾರ ತಮ್ಮ ಕಸಿನ್ ಕಾರು ತರುತ್ತಾಳೆ, ಏನಾದರೂ ಗೊತ್ತಾಗಿದ್ದರೆ ಹೇಳು ಎಂದರು. ಎರಡನೆಯ ಓದು ಆಗಿರಲಿಲ್ಲ. ನಾನು ಹೇಳಿಬಿಟ್ಟೆ.

ಗುನಿಲ್ಲಾ ಬಂದು ತಮ್ಮ ಪಾಡಿಗೆ ಓದಿ, ‘ಓದಲಾಗದು’ ಎಂದು ಬರೆದು, ಆಮೇಲೆ ನನ್ನದನ್ನು ನೋಡಿದರು. ತಾಯಿಯ ಪ್ಯಾರಿಷ್‌ನ ಜನನದ ಪುಸ್ತಕ ತೆರೆದರು. ಆ ವರ್ಷ ಅಲ್ಲಿ ಹುಲ್ದಾ ಎಂಬ ಮಗು ಹುಟ್ಟಿರಲಿಲ್ಲ. ಹಿಂದಿನ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ.

ಯಾವ ಆಧಾರದ ಮೇಲೆ ಬರೆದೆ ಎಂದು ಕೇಳಿದರು. ನನಗೆ ಒಂದು ಕ್ಷಣ ಪ್ರಶ್ನೆಯೇ ಅರ್ಥವಾಗಲಿಲ್ಲ. ಹುಲ್ದಾ ಮೊದಲನೆಯ ಮಗು ಅಲ್ಲವೇ, ಅವಳ ತಾಯಿ ಹೆರಲು ತವರಿಗೆ ಹೋಗಿರುತ್ತಾಳೆ, ಎಂದೆ. ಗುನಿಲ್ಲಾ ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಲ್ಲಿ ಮದುವೆಯಾದ ಹೆಂಗಸು ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ಹೆರುತ್ತಿದ್ದಳು, ಹೆರಿಗೆಗೆಂದು ಅಷ್ಟು ದೂರ ಯಾರೂ ಹೋಗುತ್ತಿರಲಿಲ್ಲ, ಎಂದು ಮೆಲ್ಲಗೆ ಹೇಳಿದರು. ಹಿರಿಯ ಮಗು ಬೇರೆ ಊರಿನದಾಗಿದ್ದರೆ ಅದರ ಅರ್ಥ ಸಾಮಾನ್ಯವಾಗಿ ಬೇರೆ. ಆಗ ತಾಯಿಗೆ ಇನ್ನೂ ಮದುವೆಯಾಗಿರಲಿಲ್ಲ.

ಅವರೇ ಕುಳಿತು ತಾಯಿ ಯಾವ ಪ್ಯಾರಿಷ್‌ನಿಂದ ಯಾವ ಪ್ಯಾರಿಷ್‌ಗೆ ಹೋದಳೆಂದು ಹಿಂಬಾಲಿಸಿದರು. ಮೂರನೆಯದೊಂದು ಊರು ಸಿಕ್ಕಿತು. ಅಲ್ಲಿನ ದೊಡ್ಡ ಜಮೀನಿನಲ್ಲಿ ಅವಳು ಮನೆಗೆಲಸದವಳು. ಹುಲ್ದಾ ಹುಟ್ಟಿದ್ದು ಅಲ್ಲಿ. ತಂದೆಯ ಹೆಸರಿನ ಜಾಗ ಖಾಲಿ.

ನಾನೇ ಬಿರ್ಗೆರ್‌ರನ್ನು ಕರೆಸಿ ಹೇಳಬೇಕಾಯಿತು. ಅವರು ಆಗಲೇ ಹೋಗಿ ಬಂದಿದ್ದರು. ಫೋನಿನಲ್ಲಿ ಚಿತ್ರ ತೋರಿಸಿದರು. ಬಿಳಿಯ ಚರ್ಚ್, ಅದರ ಮುಂದೆ ಟೋಪಿ ತೆಗೆದು ನಿಂತ ಅವರು, ಕೈಯಲ್ಲಿ ಒಂದು ಕಲ್ಲು. ಆ ಕಲ್ಲನ್ನು ತಂದು ಮನೆಯ ಕಿಟಕಿಯಲ್ಲಿ ಇಟ್ಟಿದ್ದರಂತೆ. ನಾನು ಹೇಳುವಷ್ಟನ್ನೂ ಅವರು ತಲೆ ತಗ್ಗಿಸಿಕೊಂಡು ಕೇಳಿದರು. ತಪ್ಪು ನನ್ನದು, ನಮ್ಮ ಕಡೆಯ ರೂಢಿಯನ್ನು ನಿಮ್ಮ ಪುಟದೊಳಗೆ ಓದಿಬಿಟ್ಟೆ, ಎಂದು ಆ ರೂಢಿಯನ್ನೂ ವಿವರಿಸಿದೆ. ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ಹೋಗಿ, ಸಂಕೋಚದಿಂದ ಬೇರೆ ಕಡೆ ತಿರುಗಿತು.

“ಚರ್ಚ್ ಮಾತ್ರ ಚೆನ್ನಾಗಿತ್ತು,” ಎಂದರು. ಫೋನನ್ನು ಜೇಬಿಗೆ ಇಟ್ಟುಕೊಂಡು, “ನಿಮ್ಮ ಕಡೆಯದು ಒಳ್ಳೆಯ ರೂಢಿ. ಹುಲ್ದಾಳ ತಾಯಿಯೂ ತನ್ನ ತವರಿಗೆ ಹೋಗಬಹುದಿತ್ತು. ಯಾರೂ ಕರೆದಿರಲಿಕ್ಕಿಲ್ಲ,” ಎಂದರು.

ಅವರು ಹೋದ ಮೇಲೆ ಗುನಿಲ್ಲಾ ಫೀಕಾಕ್ಕೆ ಕರೆದರು. ಮಧ್ಯಾಹ್ನದ ಕಾಫಿ ಮತ್ತು ದಾಲ್ಚಿನ್ನಿಯ ಬನ್. ಕೆಲಸದಲ್ಲಿ ಯಾರದ್ದೇ ತಪ್ಪಾದರೂ ಅದನ್ನು ಮುಗಿಸುವುದು ಇಲ್ಲಿ ಫೀಕಾದಿಂದಲೇ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ನನ್ನನ್ನು ಸಮಾಧಾನಪಡಿಸಲೆಂದೇ ಇರಬೇಕು, ನಮ್ಮ ರೂಢಿಯ ಬಗ್ಗೆ ಕುತೂಹಲದಿಂದ ಕೇಳಿದರು. ಎರಡನೆಯ ಮಗು? ಗಂಡನ ಮನೆಯಲ್ಲಿ, ಎಂದೆ. ಹಾಗಾದರೆ ನೀನು ಹುಟ್ಟಿದ್ದು ನಿನ್ನ ಅಜ್ಜಿಯ ಮನೆಯಲ್ಲಿ, ಎಂದರು ಅವರು, ಬನ್ನನ್ನು ಎರಡು ಮಾಡುತ್ತ.

ಹೌದು ಎನ್ನಲು ಬಾಯಿ ತೆರೆದೆ. ಅಮ್ಮನ ತವರು ರಾಣೆಬೆನ್ನೂರು. ನಾನು ಹುಟ್ಟಿದ್ದು ತುಮಕೂರಿನಲ್ಲಿ, ಅಪ್ಪನ ಊರಿನಲ್ಲಿ.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕಾಲೇಜಿಗೆ ಸೇರುವಾಗ, ಪೌರತ್ವಕ್ಕೆ ಅರ್ಜಿ ಹಾಕುವಾಗ, ಮದುವೆಯಾಗುವಾಗ, ಎಲ್ಲ ಕಡೆ ತುಮಕೂರು ಎಂದು ನಾನೇ ಬರೆದಿದ್ದೇನೆ. ಬರೆದದ್ದನ್ನು ಓದಿರಲಿಲ್ಲ, ಅಷ್ಟೆ.

ಆ ಸಂಜೆ ಮೆಟ್ರೋದಲ್ಲಿ ಕುಳಿತು ನಮ್ಮ ಮನೆಯನ್ನೇ ಒಂದು ಪುಟದಂತೆ ಓದಿದೆ. ತಂದೆ ಲಿಂಗರಾಜ, ತುಮಕೂರು. ತಾಯಿ ಶಕುಂತಲಾ, ರಾಣೆಬೆನ್ನೂರು. ಮಗಳು ನವ್ಯಾ, ತುಮಕೂರು. ಮಗ ರಿಷಿ, ಬೆಂಗಳೂರು. ನಮ್ಮಲ್ಲಿ ಯಾರೂ ರಾಣೆಬೆನ್ನೂರಿನಲ್ಲಿ ಹುಟ್ಟಿಲ್ಲ. ಅಮ್ಮನ ದಾರಿ ಆ ಊರಿನ ಸುತ್ತ ಹಾದು ಹೋಗುತ್ತದೆ, ಒಳಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಭಾರತಕ್ಕೆ ಹೋದಾಗಲೂ ನಾವು ಆ ಮನೆಗೆ ಹೋದ ನೆನಪಿಲ್ಲ. ಅಜ್ಜಿಯೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬೆಂಗಳೂರಿಗೆ ಬರುತ್ತಿದ್ದಳು. ಒಂದು ರಾತ್ರಿ ಇದ್ದು ಹೊರಡುತ್ತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಅಮ್ಮನೂ ಅವಸರ ಮಾಡುತ್ತಿದ್ದಳು. ಅಜ್ಜಿ ನನ್ನ ತಲೆ ಸವರುವಾಗ ಒಂದು ಸಲ ಕೂದಲಲ್ಲೇ ಕೈ ಇಟ್ಟು ನಿಂತುಬಿಟ್ಟಿದ್ದಳು. ಹೇನು ನೋಡುತ್ತಿದ್ದಾಳೆಂದು ನಾನು ತಲೆ ಕೊಡವಿದ್ದೆ.

ಚೊಚ್ಚಲು ತವರಿನಲ್ಲಿ. ಎರಡನೆಯದು ಗಂಡನ ಮನೆಯಲ್ಲಿ. ಹಾಗಾದರೆ ನಾನು ಯಾವುದು?

ಕಂಡದ್ದನ್ನು ಬರೆ, ಗೊತ್ತಿರುವುದನ್ನು ಬರೆಯಬೇಡ. ಹಿಂದಿನ ವಾರವಷ್ಟೇ ಇದೇ ರೂಢಿ ಹಿಡಿದುಕೊಂಡು ಒಬ್ಬ ಮುದುಕರನ್ನು ತಪ್ಪು ಚರ್ಚಿನ ಮುಂದೆ ನಿಲ್ಲಿಸಿದ್ದೆ. ಇದೂ ಅಂಥದ್ದೇ ಇರಬಹುದು. ತುಮಕೂರಿನಲ್ಲಿ ಒಳ್ಳೆಯ ಡಾಕ್ಟರ್ ಇದ್ದಿರಬಹುದು. ಅಜ್ಜಿಗೆ ಆಗ ಹುಷಾರಿಲ್ಲದೆ ಇದ್ದಿರಬಹುದು. ಇನ್ನೊಬ್ಬರು ಓದದೆ ಇದನ್ನು ಓದು ಎನ್ನುವಂತಿಲ್ಲ. ಆ ಇನ್ನೊಬ್ಬರು ಎಂದರೆ ಅಮ್ಮ, ಗೋಥೆನ್‌ಬರ್ಗ್‌ನಲ್ಲಿ ನನ್ನನ್ನು ಕರೆಯದೆ ಇದ್ದಳು.

ಶುಕ್ರವಾರ ರಜೆ ಹಾಕಿ ಬೆಳಗಿನ ರೈಲು ಹತ್ತಿದೆ. ಹರ್ಷನಿಗೆ ಹೇಳಿದೆ, ಅಮ್ಮನಿಗೆ ಹೇಳಲಿಲ್ಲ. ಸಂಜೆಯ ರೈಲಿಗೆ ವಾಪಸು ಟಿಕೆಟ್ ಇತ್ತು. ದಾರಿಯುದ್ದಕ್ಕೂ ಕೆರೆಗಳು, ಕಡಿದ ಪೈನ್ ಮರಗಳ ರಾಶಿಗಳು. ಮಗು ಒಳಗಿನಿಂದ ಪಕ್ಕೆಗೆ ಒತ್ತುತ್ತಿತ್ತು. ಹೊರಡುವ ಹಿಂದಿನ ದಿನ ಗುನಿಲ್ಲಾ ಹೇಳಿದ ಒಂದು ಮಾತು ತಲೆಯಲ್ಲಿ ತಿರುಗುತ್ತಿತ್ತು. ಈಗಿನ ಸ್ವೀಡನ್ನಿನಲ್ಲಿ ಮಗು ಯಾವ ಊರಿನ ಆಸ್ಪತ್ರೆಯಲ್ಲಿ ಹುಟ್ಟಿದರೂ, ದಾಖಲೆಯಲ್ಲಿ ಹುಟ್ಟೂರು ಎಂದು ಬರುವುದು ಆಗ ತಾಯಿಯ ಹೆಸರು ನೋಂದಾಯಿಸಿರುವ ಊರು. ನೂರು ವರ್ಷದ ನಂತರ ನಮ್ಮಂಥವರು ಓದಿದರೆ ಪಾಪ, ಎಷ್ಟು ತಪ್ಪು ಓದುತ್ತಾರೋ, ಎಂದು ಅವರು ನಕ್ಕಿದ್ದರು.

ಬಾಗಿಲು ತೆರೆದ ಅಮ್ಮ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಏನಾಯಿತು ಎಂದು ಕೇಳಿದಳು. ಏನೂ ಆಗಿಲ್ಲ, ಸುಮ್ಮನೆ ಬಂದೆ, ಎಂದೆ. ಅವಳ ಮುಖದಲ್ಲಿ ಸಂತೋಷ ಬಂತು, ನಿಂತಲ್ಲೇ ನಿಂತಿತು. ಮನೆಯೆಲ್ಲ ತುಪ್ಪದ ವಾಸನೆ. ಅಪ್ಪ ಆಫೀಸಿಗೆ ಹೋಗಿದ್ದರು, ರಿಷಿ ಕಾಲೇಜಿಗೆ. ಅಡುಗೆಮನೆಯ ಮೇಜಿನ ಮೇಲೆ ಒಣಕೊಬ್ಬರಿ ತುರಿದಿತ್ತು, ಉತ್ತತ್ತಿ ಕತ್ತರಿಸಿತ್ತು, ಬೆಲ್ಲ ಜಜ್ಜಿತ್ತು. ಅಂಟಿನುಂಡೆ ಮಾಡುತ್ತಿದ್ದಳು, ಬಾಣಂತಿಗೆ ಕೊಡುವುದು, ನನಗೆಂದೇ. ಪಾರ್ಸೆಲ್ ಕಳುಹಿಸಲು ಸೋಮವಾರ ಯಾರೋ ಸ್ಟಾಕ್‌ಹೋಮಿಗೆ ಹೊರಟವರು ಸಿಕ್ಕಿದ್ದರಂತೆ.

ಅವಳು ನನ್ನನ್ನು ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಬಾಣಲೆಯ ಮುಂದೆ ನಿಂತಳು. ಅಂಟಿನ ಹರಳುಗಳನ್ನು ತುಪ್ಪಕ್ಕೆ ಹಾಕಿದಾಗ ಅವು ಚಟಚಟ ಎಂದು ಅರಳಿದವು. ನಾನು ಬಿರ್ಗೆರ್‌ರ ಕಥೆ ಹೇಳಿದೆ. ಅಮ್ಮನಿಗೆ ನನ್ನ ಕೆಲಸ ಎಂದೂ ಪೂರ್ತಿ ಅರ್ಥವಾದದ್ದಲ್ಲ, ಆದರೆ ಕೇಳುತ್ತಿದ್ದಳು. ತಪ್ಪು ಚರ್ಚಿನ ಭಾಗಕ್ಕೆ ಬಂದಾಗ ಅಯ್ಯೋ ಪಾಪ ಎಂದಳು. ಆ ಹೆಂಗಸನ್ನು ಯಾರೂ ಕರೆದಿರಲಿಕ್ಕಿಲ್ಲ ಎಂದು ಅವರು ಹೇಳಿದ್ದನ್ನು ಹೇಳಿದಾಗ ಅವಳ ಸೌಟು ನಿಧಾನವಾಯಿತು.

“ಅಮ್ಮಾ, ನಾನ್ಯಾಕೆ ತುಮಕೂರಲ್ಲಿ ಹುಟ್ಟಿದ್ದು?”

“ಅಲ್ಲಿ ಆಸ್ಪತ್ರೆ ಚೆನ್ನಾಗಿತ್ತು.”

“ರಾಣೆಬೆನ್ನೂರಲ್ಲಿ ಯಾರ್ ಹುಟ್ಟಿದ್ದು?”

ಅವಳು ತಿರುಗಲಿಲ್ಲ. ಫ್ಯಾನಿನ ಸದ್ದು, ತುಪ್ಪದ ಸದ್ದು. ನಾನು ಕೇಳಬಾರದಿತ್ತು ಎಂದುಕೊಂಡೆ. ಮೌನಗಳ ಬಗ್ಗೆ ನನಗಿರುವ ಆಸೆ ಒಳ್ಳೆಯದಲ್ಲ. ಸತ್ತವರ ಮೌನವನ್ನು ಕೆದಕಿದರೆ ಅವರಿಗೆ ನೋವಾಗುವುದಿಲ್ಲ. ಇಲ್ಲಿ ನನ್ನ ಮುಂದೆ ಒಂದು ಬೆನ್ನು ಇತ್ತು, ಅದು ಉಸಿರಾಡುತ್ತಿತ್ತು.

ಅಮ್ಮ ಬೆಂಗಳೂರಿನವರಂತೆ ಮಾತಾಡುತ್ತಾಳೆ. ತುಮಕೂರಿನ ಅತ್ತೆಯ ಮನೆಯಲ್ಲಿ ಕಲಿತು, ಇಲ್ಲಿನ ಕನ್ನಡದವರ ನಡುವೆ ಗಟ್ಟಿ ಮಾಡಿಕೊಂಡ ಮಾತು ಅದು. ಅವಳ ಊರಿನ ಮಾತು ನಾನು ಕೇಳಿದ್ದು ಅಜ್ಜಿಯ ಬಾಯಿಂದ ಮಾತ್ರ. ಈಗ ಅದು ಅವಳ ಬಾಯಿಂದ ಬಂತು.

“ಹೆಣ್ಣುಕೂಸಿತ್ತು. ನಮ್ಮವ್ವನ ಮನ್ಯಾಗ ಹುಟ್ಟಿತು. ಚಂದ ಇತ್ತು.”

ಬಾಣಲೆಯ ಅಂಚಿಗೆ ಸೌಟು ಒರೆಸಿ, “ಉಸುರು ತಗೊಳ್ಳಾಕ ತ್ರಾಸ ಪಡತಿತ್ತು. ಬೆಳಕ ಹರೀಲಿ, ದಾವಣಗೆರಿಗೆ ಒಯ್ಯೋಣು ಅಂದ್ಲು ನಮ್ಮವ್ವ. ಬೆಳಕ ಹರಿಯೂತನಕ ಅದು ಇರಲಿಲ್ಲ,” ಎಂದಳು.

ಉಳಿದದ್ದನ್ನು ಅವಳು ತುಂಡು ತುಂಡಾಗಿ ಹೇಳಿದಳು. ತುಮಕೂರಿನಿಂದ ಅತ್ತೆ ಮಾವ ಬಂದರಂತೆ. ಅಳಲಿಲ್ಲವಂತೆ. ಬೆಳಗಾಗಲಿ ಎಂದು ಹೇಳಿದವರು ಯಾರು ಎಂದು ಕೇಳಿದರಂತೆ. ಅಜ್ಜಿ ‘ನಾನೇ’ ಎಂದಳಂತೆ. ಕೂಸು ನಮ್ಮದು, ಕರೆದುಕೊಂಡು ಬಂದವರು ನೀವು, ಎಂದು ಅಷ್ಟೇ ಹೇಳಿ ಅಮ್ಮನನ್ನು ಕರೆದುಕೊಂಡು ಹೊರಟರಂತೆ. ಮುಂದೆ ನಾನು ಹೊಟ್ಟೆಯಲ್ಲಿದ್ದಾಗ ಅಜ್ಜಿ ಮತ್ತೆ ಬಂದಳು. ಆ ಸಲ ಚೊಚ್ಚಲಲ್ಲ, ಬರಬೇಕಾಗಿರಲಿಲ್ಲ, ಆದರೂ ಹಸಿರು ಸೀರೆ, ಬಳೆ, ಹೂವು ಹಿಡಿದು ತುಮಕೂರಿನ ಮನೆಯ ಹಾಲಿನಲ್ಲಿ ಕುಳಿತಳು. ಇನ್ನೊಂದು ಅವಕಾಶ ಕೇಳಲು ಬಂದಿದ್ದಳು ಎಂದು ಎಲ್ಲರಿಗೂ ತಿಳಿದಿತ್ತು. ಯಾರೂ ಇಲ್ಲ ಎನ್ನಲಿಲ್ಲ. ಎಲ್ಲರೂ ಅಮ್ಮನ ಮುಖ ನೋಡಿದರು.

“ನಾ ಬರಂಗಿಲ್ಲವ್ವ ಅಂದೆ. ನಾನ ಅಂದೆ. ಅಕಿ ಚಾ ಕುಡೀತಿದ್ಲು. ಕಪ್ಪು ಕೆಳಗಿಟ್ಟು ಎದ್ಲು.”

ಬಾಣಲೆಯಲ್ಲಿ ಅಂಟು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ಅದನ್ನು ನೋಡುತ್ತಿದ್ದಳು, ಆದರೆ ಅವಳಿಗೆ ಕಾಣುತ್ತಿರಲಿಲ್ಲ.

“ಕರದವರ ಮ್ಯಾಲ ಬರತೈತಿ, ನವ್ಯಾ. ಎಲ್ಲಾ ಕರದವರ ಮ್ಯಾಲ ಬರತೈತಿ. ಅಕಿ ಮುಖ ನಾ ನೋಡೀನಿ.”

ಹಾಗಾದರೆ ಅದು ಹೀಗಿತ್ತು. ಅವಳು ನನ್ನನ್ನು ಬೇಡವೆಂದು ಬಿಟ್ಟದ್ದಲ್ಲ. ಬಾಯಿ ತೆರೆದು ‘ಬಾ’ ಎಂದ ಆ ಗಳಿಗೆಯಿಂದ ತಾನು ತನ್ನ ತಾಯಿಯಾಗಿಬಿಡುತ್ತೇನೆ ಎಂದು ಹೆದರಿದ್ದಳು. ಹರ್ಷನ ಮನೆಯವರು ಒಳ್ಳೆಯವರು, ಅಂಥದ್ದೇನೂ ಹೇಳುವವರಲ್ಲ ಎಂದು ಹೇಳಬಹುದಿತ್ತು. ತುಮಕೂರಿನವರೂ ಒಳ್ಳೆಯವರೇ ಇದ್ದರು. ನಾನು ಅಲ್ಲಿನ ಅಜ್ಜಿಯ ತೊಡೆಯ ಮೇಲೆ ಬೆಳೆದವಳು, ನನಗೆ ಗೊತ್ತು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ನನಗೆ ಬರುವುದು ದಾಖಲೆಗಳ ವಿಷಯ ಮಾತ್ರ. ಅದನ್ನೇ ಹೇಳಿದೆ.

“ಅಮ್ಮಾ, ನಾನು ಇಲ್ಲಿ ಹೆತ್ತರೂ ಮಗುವಿನ ಹುಟ್ಟೂರು ಅಂತ ಸೋಲ್ನಾನೇ ಬರೋದು. ನಿನ್ನ ಊರಿನ ಹೆಸರು ಎಲ್ಲೂ ಬರಲ್ಲ. ಯಾರು ಓದಿದರೂ ನಿನ್ನ ಮನೆ ಸಿಗಲ್ಲ.”

ಅವಳು ಮೊದಲ ಸಲ ತಿರುಗಿದಳು.

“ಮತ್ತೆ ನೀನು ನನ್ನ ಕರೀಲಿಲ್ಲ. ಇವತ್ತು ನಾನೇ ಬಂದಿದ್ದು, ಹೇಳದೇ ಕೇಳದೇ. ಇನ್ಮೇಲೆ ಬರೋದೂ ನಾನಾಗೇ. ಎಲ್ಲರಿಗೂ ಹಾಗೇ ಹೇಳ್ತೀನಿ. ಹರ್ಷಂಗೂ, ಅವರ ಮನೆಯವರಿಗೂ. ಅಮ್ಮ ಕರೀಲೇ ಇಲ್ಲ, ನಾನೇ ಹಟ ಮಾಡಿ ಹೋದೆ ಅಂತ.”

ಅವಳು ಸೌಟನ್ನು ಮೇಜಿನ ಮೇಲಿಟ್ಟಳು. ಹೊರಗೆ ಟ್ರಾಮ್ ಒಂದು ತಿರುವಿನಲ್ಲಿ ಕಿರುಗುಟ್ಟಿ ಹೋಯಿತು.

“ಅನುರಾಧಾಗೂ ಹೇಳು,” ಎಂದಳು.

ನನಗೆ ನಗು ಬಂತು. ಅವಳು ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮೇಜಿನ ಮೇಲಿದ್ದ ಫೋನ್ ತೆಗೆದು, ಮನೆಯಿಂದ ಆಸ್ಪತ್ರೆಗೆ ಎಷ್ಟು ದೂರ ಎಂದು ನೋಡತೊಡಗಿದಳು. ಸೇತುವೆಯ ಮೇಲೆ ಬೆಳಗ್ಗೆ ಟ್ರಾಫಿಕ್ ಇರುತ್ತದೆ ಎಂದಳು. ಆಂಬುಲೆನ್ಸ್ ನಂಬರು ಫ್ರಿಜ್ಜಿನ ಮೇಲೆ ಅಂಟಿಸಬೇಕು ಎಂದಳು. ಅಪ್ಪನಿಗೆ ರಜೆ ಹಾಕಲು ಹೇಳಬೇಕು, ರಿಷಿಗೆ ಕಾರು ಬರುತ್ತದೆ ಆದರೆ ಅವನು ಫೋನ್ ಎತ್ತುವುದಿಲ್ಲ ಎಂದಳು. ಒಂದೊಂದು ಮಾತಿಗೂ ಅವಳ ದನಿ ಮೇಲೆ ಹೋಗುತ್ತಿತ್ತು. ನಾನು ಅವಳಿಗೆ ಕೊಟ್ಟದ್ದು ಏನು ಎಂದು ಆಗ ನನಗೆ ಸಂಶಯವಾಯಿತು. ನನಗೆ ಬೇಕಾದದ್ದು ಸಿಕ್ಕಿತ್ತು. ಅವಳಿಗೆ ಇನ್ನು ಹೆರಿಗೆಯವರೆಗೆ ಹೆದರಿಕೊಂಡು ಕಾಯಬೇಕಾದ ಎಲ್ಲ ಮುಂಜಾನೆಗಳೂ ಸಿಕ್ಕಿದ್ದವು.

ಆ ಮಗುವಿಗೆ ಹೆಸರಿಟ್ಟಿದ್ದಿರಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಒಳಗಿನ ಮಗು ಜೋರಾಗಿ ಒದ್ದಿತು. ನಾನು ಕೈ ಇಟ್ಟುಕೊಂಡದ್ದನ್ನು ಅಮ್ಮ ನೋಡಿದಳು.

“ಒದೀತೈತೇನು?”

“ಹೂಂ.”

ಅವಳು ಕೈ ಮುಂದೆ ಮಾಡಿದಳು. ಅರ್ಧಕ್ಕೆ ನಿಲ್ಲಿಸಿ, ಆ ಕೈಗೆ ಕೊಬ್ಬರಿ ಅಂಟಿದೆ ಎನ್ನುವಂತೆ ನೋಡಿ, ಒಲೆಯ ಕಡೆ ತಿರುಗಿದಳು. ಅಂಟು ಸೀದು ಕರಿಯಾಗಿತ್ತು. ಅದನ್ನು ಚೆಲ್ಲಿ, ಬಾಣಲೆ ತಿಕ್ಕಿ, ಮತ್ತೆ ತುಪ್ಪ ಹಾಕಿ, ಮೊದಲಿನಿಂದ ಹುರಿಯಲು ನಿಂತಳು. ಸಂಜೆಯ ರೈಲಿನ ಹೊತ್ತು ಆಗುತ್ತ ಬಂತು. ಹೊತ್ತಾಯಿತು, ಹೊರಡು ಎಂದು ಅವಳು ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ.